ಆಂಗ್ಲ ಕಾವ್ಯ ನಾಟಕಗಳಲ್ಲಿ ಪ್ರೇಮದ ಚಿರತ್ವ



ಕನ್ನಡ ಸಂಘದ ಉತ್ಸವದಲ್ಲಿ ಇಂಗ್ಲಿಷ್ ಕಾವ್ಯದ ಮಾತೇಕೆಂದು ಕೆಲವರಿಗೆ ತೋರಬಹುದು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದ ಮೂಲಕ ಆ ಕಾವ್ಯದ ಸತ್ವವನ್ನು ನಮ್ಮ ನುಡಿಗೆ ಇಳಿಸಿ, ಹೊಸಗನ್ನಡ ಕವಿತೆಗೆ ದಾರಿ ತೆರೆದರೆಂಬುದನ್ನು ನೆನೆದರೆ ಆ ಸಂದೇಹ ಉಳಿಯದು. ನಮ್ಮ ಮಕ್ಕಳು ಪರೀಕ್ಷೆಗಾಗಿ ಓದುವ ಆ ಭಾಷೆಯಲ್ಲಿ ಬಾಳಿಗೆ ಬೇಕಾದ ಮಾತುಗಳೂ ಇವೆ. ಅವುಗಳಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ನಾವಿಂದು ಎತ್ತಿಕೊಳ್ಳುತ್ತೇವೆ. ನಾವು ಪ್ರೀತಿಸುವವರು ಮುಪ್ಪಾಗುತ್ತಾರೆ. ಒಂದು ದಿನ ನಮ್ಮನ್ನು ಅಗಲುತ್ತಾರೆ. ಹೀಗಿರುವಲ್ಲಿ ಪ್ರೇಮವು ಚಿರವಾದುದೆಂಬ ಮಾತಿಗೆ ಏನಾದರೂ ಅರ್ಥವುಂಟೆ?

ಇದಕ್ಕೆ ಇಂಗ್ಲಿಷ್ ಕವಿಗಳು ಕೊಟ್ಟ ಒಂದು ಉತ್ತರವೆಂದರೆ, ಕಾವ್ಯವೇ ಪ್ರೇಮವನ್ನು ಉಳಿಸುತ್ತದೆ ಎಂಬುದು. ಎಡ್ಮಂಡ್ ಸ್ಪೆನ್ಸರನು 1594ರಲ್ಲಿ ಎಲಿಜಬೆತ್ ಬಾಯ್ಲ್ ಎಂಬಾಕೆಯನ್ನು ವರಿಸಿದನು. ಮರುವರ್ಷ ‘ಅಮೊರೆಟ್ಟಿ’ ಎಂಬ ಅವನ ಸುನೀತಮಾಲೆ ಅಚ್ಚಾಯಿತು. ಅದರ 75ನೆಯ ಸುನೀತದಲ್ಲಿ ಕವಿ ಕಡಲದಂಡೆಯ ಮರಳಿನಲ್ಲಿ ನಲ್ಲೆಯ ಹೆಸರನ್ನು ಬರೆಯುತ್ತಾನೆ. ಅಲೆ ಬಂದು ಅಳಿಸುತ್ತದೆ. ಮತ್ತೊಮ್ಮೆ ಬರೆದರೂ ಗತಿ ಅದೇ. ಅಳಿಯುವುದನ್ನು ಉಳಿಸಹೊರಟ ಈ ಯತ್ನ ವ್ಯರ್ಥವೆಂದು ಅವಳೇ ಅವನಿಗೆ ತಿಳಿಯಹೇಳುತ್ತಾಳೆ. ತನ್ನ ಕವಿತೆ ಅವಳನ್ನು ಅಮರಳನ್ನಾಗಿ ಮಾಡುವುದೆಂದು ಕವಿ ಉತ್ತರವೀಯುತ್ತಾನೆ. ಕೊನೆಯ ಮಾತು ಕವಿಯದಾದರೂ, ಆ ಹೆಣ್ಣಿನ ವಿವೇಕವನ್ನು ನಾವು ಮರೆಯಲಾರೆವು.

1609ರಲ್ಲಿ ಪ್ರಕಟವಾದ ಷೇಕ್ಸ್‌ಪಿಯರನ 154 ಸುನೀತಗಳಲ್ಲಿ ಇದೇ ಅಭಯವು ಇನ್ನೂ ಗಂಭೀರವಾಗಿ ಕೇಳಿಬರುತ್ತದೆ. ಅರಸರ ಅಮೃತಶಿಲೆಯ ಸ್ಮಾರಕಗಳಿಗಿಂತ ತನ್ನ ಪದ್ಯವೇ ಹೆಚ್ಚುಕಾಲ ಬಾಳುವುದೆಂದು ಅವನು 55ನೆಯ ಸುನೀತದಲ್ಲಿ ಸಾರಿದ್ದಾನೆ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಯಾವ ತರುಣನಿಗೆ ಅವನು ಈ ಅಮರತ್ವದ ಭರವಸೆಯನ್ನು ಕೊಟ್ಟನೋ ಆ ತರುಣನ ಹೆಸರನ್ನು ಒಂದು ಸುನೀತದಲ್ಲಿಯೂ ಹೇಳಿಲ್ಲ. ಅವನಾರೆಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಲೇ ಇದ್ದಾರೆ. ಉಳಿದು ಬಂದದ್ದು ಪ್ರೀತಿಸಿದವನ ಪ್ರೀತಿ. 116ನೆಯ ಸುನೀತಕ್ಕೆ ಬಂದಾಗ ಕವಿ ಪದ್ಯದ ಹೆಮ್ಮೆಯನ್ನು ಬದಿಗಿಟ್ಟು, ಪ್ರೇಮದ ಲಕ್ಷಣವನ್ನೇ ಹೇಳಹೊರಡುತ್ತಾನೆ. ಚೆಲುವು ಕಾಲಕ್ಕೆ ತುತ್ತಾಗುವುದನ್ನು ಅವನು ಅಲ್ಲಗಳೆಯುವುದಿಲ್ಲ. ಅದರೊಡನೆ ಒಲವೂ ಮಾಸಿದರೆ ಅದು ಒಲವೇ ಅಲ್ಲವೆಂಬುದು ಅವನ ನಿಲುವು.

ಕಲೆಯು ಕಾಲವನ್ನೇ ತಡೆದು ನಿಲ್ಲಿಸಿದರೆ ಏನಾಗುವುದೆಂಬುದನ್ನು ಕೀಟ್ಸ್ ಕವಿಯು 1819ರಲ್ಲಿ ರಚಿಸಿದ, ಗ್ರೀಕ್ ಕಲಶವನ್ನು ಕುರಿತ ಪ್ರಗಾಥದಲ್ಲಿ ಕಾಣಬಹುದು. ಕಲಶದ ಮೇಲೆ ಕೊರೆದ ಪ್ರಣಯಿಯ ನಲ್ಲೆಗೆ ಮುಪ್ಪಿಲ್ಲ. ಆದರೆ ಅವನ ಮುತ್ತು ಅವಳನ್ನು ಮುಟ್ಟುವುದೂ ಇಲ್ಲ. ಬಾಡದಿರುವುದಕ್ಕೆ ಅವರು ತೆತ್ತ ಬೆಲೆ ಅದು. ಫ್ಯಾನಿ ಬ್ರಾನ್ ಎಂಬ ತರುಣಿಯನ್ನು ಪ್ರೀತಿಸಿದ ಈ ಕವಿ, ಮದುವೆ ಕೈಗೂಡದೆ, 1821ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡನು.

ಬಾಳಿದ ಪ್ರೇಮದ ಕವಿತೆ ಬೇಕೆನ್ನುವವರು ಜಾನ್ ಡನ್ನನ ಬಳಿಗೆ ಹೋಗಬೇಕು. ಅವನು 1601ರಲ್ಲಿ ಆನ್ ಮೋರ್ ಎಂಬಾಕೆಯನ್ನು ಗುಟ್ಟಾಗಿ ಮದುವೆಯಾಗಿ, ಆ ಕಾರಣಕ್ಕಾಗಿ ಉದ್ಯೋಗವನ್ನು ಕಳೆದುಕೊಂಡು ಕೆಲಕಾಲ ಸೆರೆಯಲ್ಲಿಯೂ ಇದ್ದನು. ದೂರ ಹೊರಟವನು ಮಡದಿಗೆ ಹೇಳುವ ವಿದಾಯದ ಕವಿತೆಯಲ್ಲಿ ಅವನು ತಂದ ಉಪಮಾನ ಹೂವಲ್ಲ, ಚಂದ್ರನಲ್ಲ. ಶಾಲೆಯ ಮಕ್ಕಳು ವೃತ್ತವೆಳೆಯುವ ಕೈವಾರ. ಒಂದು ಕಾಲು ನಡುವೆ ಊರಿ ನಿಂತಿರುತ್ತದೆ. ಇನ್ನೊಂದು ದೂರ ಸರಿದಷ್ಟೂ ಇದು ಅತ್ತ ಬಾಗುತ್ತದೆ. ಅದು ಮರಳಿದಾಗ ನೆಟ್ಟಗಾಗುತ್ತದೆ. ಇಲ್ಲಿ ಸ್ಥಿರತೆಯೆಂದರೆ ಕದಲದಿರುವುದಷ್ಟೇ ಅಲ್ಲ. ಅಗಲಿದವರತ್ತ ಬಾಗಿಕೊಂಡೇ ನಿಲ್ಲುವುದು. ಆನ್ ಹನ್ನೆರಡನೆಯ ಹೆರಿಗೆಯ ತರುವಾಯ 1617ರಲ್ಲಿ ತೀರಿಕೊಂಡಳು. ಆ ಸಂಸಾರದಲ್ಲಿ ಊರಿ ನಿಂತ ಕಾಲಿನ ಭಾರವೆಷ್ಟಿತ್ತೆಂಬುದನ್ನು ಓದುಗರು ಊಹಿಸಬಹುದು.

ಇನ್ನು ನಾಟಕಗಳತ್ತ ತಿರುಗೋಣ. ‘ರೋಮಿಯೊ ಮತ್ತು ಜೂಲಿಯೆಟ್’ ನಾಟಕದ ಕಥೆಯೆಲ್ಲ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಜೂಲಿಯೆಟ್ಟಳಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಮಕ್ಕಳು ಸತ್ತ ಮೇಲೆ, ಅವರ ಸಾವಿಗೆ ಕಾರಣವಾದ ಹಗೆಯನ್ನು ಬೆಳೆಸಿದ ತಂದೆಯರು ಅವರ ಚಿನ್ನದ ಪ್ರತಿಮೆಗಳನ್ನು ನಿಲ್ಲಿಸುವುದಾಗಿ ನುಡಿಯುತ್ತಾರೆ. ಬದುಕಿದ್ದಾಗ ಮನೆಯಲ್ಲಿ ಎಡೆಯಿಲ್ಲದ ಪ್ರೇಮಕ್ಕೆ ಸತ್ತ ಮೇಲೆ ಚಿನ್ನದ ಪೀಠ! ಇಂತಹ ಚಿರತ್ವವನ್ನು ಕಂಡು ನಾವು ಮರುಗಬೇಕೇ ಹೊರತು ಬಯಸಬಾರದು.

ಷೇಕ್ಸ್‌ಪಿಯರನು ತನ್ನ ಕೊನೆಯ ವರ್ಷಗಳಲ್ಲಿ ಬರೆದ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಮತ್ತೆ ಒಂದು ಪ್ರತಿಮೆಯನ್ನು ನಿಲ್ಲಿಸಿದನು. 1611ರ ಮೇ ತಿಂಗಳಲ್ಲಿ ಲಂಡನ್ನಿನ ಗ್ಲೋಬ್ ರಂಗಶಾಲೆಯಲ್ಲಿ ಇದರ ಪ್ರದರ್ಶನವಾಗಿತ್ತು. ಸಿಸಿಲಿಯದ ದೊರೆ ಲಿಯಾಂಟಿಸನು ನಿರಪರಾಧಿಯಾದ ರಾಣಿ ಹರ್ಮಿಯೋನಳ ಶೀಲವನ್ನು ಶಂಕಿಸಿ, ಅವಳನ್ನು ಸಭೆಗೆಳೆದು, ಹಸುಗೂಸನ್ನು ಕಾಡುಪಾಲು ಮಾಡಿಸುತ್ತಾನೆ. ಮಗ ಕೊರಗಿ ಸಾಯುತ್ತಾನೆ. ರಾಣಿಯೂ ಸತ್ತಳೆಂಬ ಸುದ್ದಿ ಬರುತ್ತದೆ. ಹದಿನಾರು ವರ್ಷಗಳ ಪಶ್ಚಾತ್ತಾಪದ ಬಳಿಕ, ರಾಣಿಯ ಆಪ್ತಳಾದ ಪಾಲಿನಳು ಅವನಿಗೆ ರಾಣಿಯ ಶಿಲಾಪ್ರತಿಮೆಯನ್ನು ತೋರಿಸುತ್ತಾಳೆ. ತನ್ನ ರಾಣಿಯ ಮುಖದಲ್ಲಿ ಇಷ್ಟು ಸುಕ್ಕುಗಳಿರಲಿಲ್ಲವಲ್ಲ ಎಂದು ಅರಸನು ಚಕಿತನಾಗುತ್ತಾನೆ. ಬದುಕಿದ್ದರೆ ಈಗ ಹೇಗಿರುತ್ತಿದ್ದಳೋ ಹಾಗೆಯೇ ಶಿಲ್ಪಿ ಕಡೆದಿದ್ದಾನೆಂದು ಅವಳು ಉತ್ತರಿಸುತ್ತಾಳೆ. ವಾದ್ಯ ನುಡಿಯುತ್ತದೆ, ಪ್ರತಿಮೆ ಪೀಠದಿಂದ ಇಳಿದು ಬರುತ್ತದೆ. ಅವಳು ಜೀವಂತ ಹರ್ಮಿಯೋನಳೇ.

ನಮ್ಮವರಿಗೆ ಇಲ್ಲಿ ಅಹಲ್ಯೆಯ ನೆನಪಾಗದಿರದು. ಆದರೆ ಇವಳ ಶಾಪವಿಮೋಚನೆಗೆ ದೇವರ ಪಾದಸ್ಪರ್ಶವಿಲ್ಲ. ಕಾದವಳ ತಾಳ್ಮೆ ಮತ್ತು ಕೆಡಿಸಿದವನ ಪರಿತಾಪ ಮಾತ್ರ ಇವೆ. ಕವಿಗೆ ಆಧಾರವಾದ ರಾಬರ್ಟ್ ಗ್ರೀನನ 1588ರ ಕಥೆಯಲ್ಲಿ ರಾಣಿ ನಿಜವಾಗಿಯೂ ಸಾಯುತ್ತಾಳೆ. ಷೇಕ್ಸ್‌ಪಿಯರನು ಅವಳನ್ನು ಉಳಿಸಿದನು. ಆದರೆ ಕಳೆದ ಕಾಲವನ್ನು ಹಿಂದಕ್ಕೆ ಕೊಡಲಿಲ್ಲ. ಮಗಳು ದೊರೆಯುತ್ತಾಳೆ, ಸತ್ತ ಮಗ ಮರಳುವುದಿಲ್ಲ. ರಾಣಿ ಅರಸನನ್ನು ಅಪ್ಪಿಕೊಳ್ಳುತ್ತಾಳೆ. ಮಾತನಾಡುವುದು ಮಗಳೊಡನೆ ಮಾತ್ರ. ಕ್ಷಮೆಯುಂಟು, ಗಾಯದ ಗುರುತೂ ಉಂಟು.

ಚಿನ್ನದ ಬೊಂಬೆಗಳಿಗೂ ಕಲಶದ ಕನ್ನೆಗೂ ಸುಕ್ಕಿಲ್ಲ. ಹರ್ಮಿಯೋನಳಿಗೆ ಸುಕ್ಕಿದೆ, ಆದುದರಿಂದಲೇ ಅವಳ ಕೈ ಬೆಚ್ಚಗಿದೆ. ಕಾಲದಿಂದ ತಪ್ಪಿಸಿಕೊಂಡ ಪ್ರೇಮಕ್ಕಿಂತ ಕಾಲವನ್ನು ಹಾದು ಬಂದ ಪ್ರೇಮವೇ ಚಿರವೆಂಬುದು ಈ ಕವಿಗಳಿಂದ ನಾವು ಕಲಿಯತಕ್ಕ ಪಾಠವೆಂದು ತಿಳಿಯುತ್ತೇವೆ. ಈ ಸಭೆಯಲ್ಲಿ ಬಹುಕಾಲ ಒಂದೇ ಸೂರಿನಡಿ ಬಾಳಿದ ಹಿರಿಯ ದಂಪತಿಗಳು ಕುಳಿತಿದ್ದಾರೆ. ಅವರಿಗೆ ಇದನ್ನು ಯಾವ ಕವಿಯೂ ಕಲಿಸಬೇಕಾಗಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಈ ಕಾವ್ಯ ನಾಟಕಗಳನ್ನು ಓದುವಾಗ, ಮನೆಯ ಹಿರಿಯರ ಮುಖಗಳನ್ನೊಮ್ಮೆ ತಲೆಯೆತ್ತಿ ನೋಡಲಿ ಎಂದು ಹಾರೈಸುತ್ತೇವೆ.