ಬಾಕುವಿನ ಸ್ತೆಪಾನ್ ಶೌಮ್ಯಾನ್

(ಕಾರ್ಮಿಕರ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾರ ನಾವು ಮಾತಿಗೆ ಎತ್ತಿಕೊಂಡಿರುವುದು ಆರ್ಮೀನಿಯನ್ ಜನಾಂಗದ ಕಮ್ಯುನಿಸ್ಟ್ ಮುಂದಾಳು, ಪತ್ರಿಕಾಕರ್ತ ಸ್ತೆಪಾನ್ ಶೌಮ್ಯಾನನ ಬಾಳನ್ನು. ನಮ್ಮದು ಕಮ್ಯುನಿಸ್ಟ್ ಪಕ್ಷವಲ್ಲ. ಅವರ ದಾರಿಗೂ ನಮ್ಮ ದಾರಿಗೂ ಇರುವ ಅಂತರ ನಿಮಗೆ ಗೊತ್ತೇ ಇದೆ. ಆದರೂ ಈತನ ಕಥೆಯನ್ನು ನಾವು ತಿಳಿದಿರಬೇಕು. ಆತ ಗೆದ್ದ ಕಡೆಗಿಂತ ಎಡವಿದ ಕಡೆಯನ್ನು ಇನ್ನೂ ಚೆನ್ನಾಗಿ ತಿಳಿದಿರಬೇಕು.

ಶೌಮ್ಯಾನ್ ಹುಟ್ಟಿದ್ದು 1878ರಲ್ಲಿ, ಜಾರ್ ದೊರೆಯ ಆಳಿಕೆಗೆ ಸೇರಿದ್ದ ತಿಫ್ಲಿಸ್ ನಗರದಲ್ಲಿ. ತಂದೆ ಬಟ್ಟೆ ವ್ಯಾಪಾರಿ. ಮಗ ರೀಗಾದ ಪಾಲಿಟೆಕ್ನಿಕ್ ಸೇರಿ, ವಿದ್ಯಾರ್ಥಿ ಚಳವಳಿಗೆ ಬಿದ್ದು, ಅಲ್ಲಿಂದ ಹೊರದೂಡಿಸಿಕೊಂಡ. ಆಮೇಲೆ ಬರ್ಲಿನ್ನಿನಲ್ಲಿ ತತ್ತ್ವಶಾಸ್ತ್ರ ಓದಿದ. ಲೆನಿನ್ನನ ಪರಿಚಯವಾದದ್ದು ಈ ಪರದೇಶವಾಸದಲ್ಲೇ. 1902ರಲ್ಲಿ ಗೆಳೆಯರೊಡನೆ ಆರ್ಮೀನಿಯನ್ ಸೋಷಲ್ ಡೆಮಾಕ್ರಾಟರ ಸಂಘ ಕಟ್ಟಿ, ಆರ್ಮೀನಿಯನ್ ಭಾಷೆಯಲ್ಲಿ 'ಪ್ರೊಲೆಟರಿಯಟ್' ಎಂಬ ಪತ್ರಿಕೆ ಹೊರಡಿಸಿದರು. ಆಮೇಲೆ 1906ರಲ್ಲಿ 'ಕಾಯ್ತ್ಸ್', ಅಂದರೆ ಕಿಡಿ. ಬಾಕುವಿಗೆ ಬಂದ ಮೇಲೆ ರಷ್ಯನ್ ಭಾಷೆಯ ಕಾರ್ಮಿಕ ಪತ್ರಿಕೆಗಳು.

ಭಾಷೆಯ ಮಾತು ಬಂದದ್ದಕ್ಕೆ ಒಂದು ಸಂಗತಿ ಹೇಳಬೇಕು. ತಾಯ್ನುಡಿಯಲ್ಲಿ ಪತ್ರಿಕೆ ನಡೆಸಿದ ಇವನೇ ರಷ್ಯನ್ ರಾಜ್ಯಭಾಷೆಯಾಗಿರಲಿ ಎನ್ನುತ್ತಿದ್ದ! 1913ರ ಡಿಸೆಂಬರಿನಲ್ಲಿ ಲೆನಿನ್ ಕಾಗದ ಬರೆದು ಈ ಅಭಿಪ್ರಾಯವನ್ನು ಬಲವಾಗಿ ಖಂಡಿಸಿದ. ರಷ್ಯನ್ ದೊಡ್ಡ ಭಾಷೆ ನಿಜ, ಆದರೆ ಬಲವಂತ ಬೇಡ ಎಂಬುದು ಅದರ ಸಾರ. ದೊಡ್ಡ ಭಾಷೆಯವನು ಬೇಡವೆಂದ, ಸಣ್ಣ ಭಾಷೆಯವನು ಬೇಕೆಂದ. ಇಂಥ ವಿದ್ಯಾವಂತರನ್ನು ನಾವೂ ಕಂಡವರೇ.

ಇನ್ನು ಬಾಕುವಿನ ಸ್ಥಿತಿ. ಸೀಮೆಎಣ್ಣೆಗೂ ಪೆಟ್ರೋಲಿಗೂ ಮೂಲವಾದ ಎಣ್ಣೆ ನೆಲದಿಂದ ಚಿಮ್ಮುವ ಊರು ಅದು. 1901ರ ಸುಮಾರಿಗೆ ಜಗತ್ತಿನ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಅಲ್ಲಿಂದಲೇ ಬರುತ್ತಿತ್ತು. ಬಾವಿಗಳ ಒಡೆಯರಲ್ಲಿ ಸ್ವೀಡನ್ನಿನ ನೊಬೆಲ್ ಮನೆತನ ಇತ್ತು, ಆರ್ಮೀನಿಯನ್ ಮಂತಾಶೆವ್ ಇದ್ದ, ಮುಸಲ್ಮಾನ ತಗಿಯೆವ್ ಇದ್ದ. ಲಾಭದ ಮುಂದೆ ಅವರಿಗೆ ಜಾತಿಭೇದವಿರಲಿಲ್ಲ. ಭೇದವಿದ್ದದ್ದು ಕೆಳಗೆ. ಕುಶಲ ಕೆಲಸ ಹೆಚ್ಚಾಗಿ ರಷ್ಯನ್ನರಿಗೆ, ಆರ್ಮೀನಿಯನ್ನರಿಗೆ. ಕಡಿಮೆ ಕೂಲಿಯ ಕೊಳಕು ಕೆಲಸ ಪರ್ಷಿಯದಿಂದ ಹೊಟ್ಟೆಪಾಡಿಗೆ ಬಂದ ಮುಸಲ್ಮಾನರಿಗೆ. 1905ರಲ್ಲಿ ಎರಡು ಕೋಮಿನವರೂ ಬೀದಿಯಲ್ಲಿ ಒಬ್ಬರನ್ನೊಬ್ಬರು ಕೊಂದರು. ಶೌಮ್ಯಾನ್ 1907ರಲ್ಲಿ ಬಂದು ಕೆಲಸಕ್ಕಿಳಿದದ್ದು ಇಂಥ ಊರಿನಲ್ಲಿ. 1914ರ ಮಹಾ ಮುಷ್ಕರದಲ್ಲಿ ಎಲ್ಲ ಕೋಮಿನ ಹತ್ತಾರು ಸಾವಿರ ಕೂಲಿಕಾರರು ಒಟ್ಟಿಗೆ ಕೈಕಟ್ಟಿ ನಿಂತರು. ಅದು ಸಣ್ಣ ಕೆಲಸವಲ್ಲ.

1916ರಲ್ಲಿ ಸೆರೆ, ಸರಾತೊವ್‌ಗೆ ಗಡಿಪಾರು. 1917ರಲ್ಲಿ ಜಾರ್ ಉರುಳಿದಾಗ, ಆತ ಊರಿಗೆ ಮರಳುವ ಮೊದಲೇ ಬಾಕು ಸೋವಿಯೆತ್ ಆತನನ್ನು ಅಧ್ಯಕ್ಷನನ್ನಾಗಿ ಆರಿಸಿತ್ತು.

ಈಗ 1918ರ ಮಾರ್ಚಿಗೆ ಬರೋಣ. ಸೋವಿಯೆತ್ತಿಗೂ ಮುಸಾವತ್ ಎಂಬ ಮುಸಲ್ಮಾನ ಪಕ್ಷಕ್ಕೂ ಊರಿನ ಅಧಿಕಾರಕ್ಕಾಗಿ ಕಾದಾಟ ಹತ್ತಿತು. ಸೋವಿಯೆತ್ತಿನ ಸ್ವಂತ ದಂಡು ಸಾಲದು. ಆಗ ದಾಶ್ನಾಕ್ ಎಂಬ ಆರ್ಮೀನಿಯನ್ ರಾಷ್ಟ್ರೀಯ ಪಕ್ಷದ ಸಿಪಾಯಿಗಳ ನೆರವನ್ನು ಶೌಮ್ಯಾನ್ ಒಪ್ಪಿಕೊಂಡ. ಆ ಸಿಪಾಯಿಗಳಿಗೆ ಬೇಕಿದ್ದದ್ದು ವರ್ಗಸಮರವಲ್ಲ, ಹಳೆಯ ಸೇಡು. ನಾಲ್ಕು ದಿನಗಳಲ್ಲಿ ಸಾವಿರಾರು ಮಂದಿ ಸತ್ತರು; ಸತ್ತವರಲ್ಲಿ ಬಹುಪಾಲು ಮುಸಲ್ಮಾನರು, ಅದರಲ್ಲೂ ಬಡವರು. ಶೌಮ್ಯಾನನೇ ಮಾಸ್ಕೋಗೆ ಬರೆದ ಪತ್ರದಲ್ಲಿ ಎರಡೂ ಕಡೆ ಸೇರಿ ಮೂರು ಸಾವಿರಕ್ಕೂ ಹೆಚ್ಚು ಎಂದಿದ್ದಾನೆ. 12,000 ಎಂಬ ಅಂದಾಜೂ ಇದೆ. ಆ ದಂಡು ಸೇರಿದ್ದರಿಂದ ಹೋರಾಟಕ್ಕೆ ಕೋಮುಕೊಲೆಯ ಬಣ್ಣ ಬಂತು, ತಪ್ಪಿಸಲಾಗಲಿಲ್ಲ ಎಂದೂ ಒಪ್ಪಿಕೊಂಡಿದ್ದಾನೆ. ತಪ್ಪಿಸಲಾಗಲಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಹನ್ನೊಂದು ವರ್ಷ ಪತ್ರಿಕೆ ಬರೆದು, ಮುಷ್ಕರ ನಡೆಸಿ ಕಟ್ಟಿದ ಒಗ್ಗಟ್ಟು ನಾಲ್ಕು ದಿನಗಳಲ್ಲಿ ಒಡೆಯಿತು.

ಏಪ್ರಿಲಿನಲ್ಲಿ ಬಾಕು ಕಮ್ಯೂನ್ ಸರ್ಕಾರ ಬಂತು, ಎಣ್ಣೆ ಉದ್ಯಮ ರಾಷ್ಟ್ರೀಕರಣವಾಯಿತು. ಆದರೆ ಊರಿನಲ್ಲಿ ರೊಟ್ಟಿಯಿಲ್ಲ, ಹೊರಗೆ ತುರ್ಕಿ ದಂಡು ಏರಿಬರುತ್ತಿದೆ. ಜುಲೈ 25ರಂದು ಬ್ರಿಟಿಷರ ಸೈನ್ಯವನ್ನು ಕರೆಸಬೇಕೆಂಬ ನಿರ್ಣಯ ಸೋವಿಯೆತ್ತಿನ ಮುಂದೆ ಬಂದು, 259ಕ್ಕೆ 236 ಮತಗಳಿಂದ ಪಾಸಾಯಿತು. ಶೌಮ್ಯಾನ್ ಅದನ್ನು ವಿರೋಧಿಸಿದ್ದ. ಅಧಿಕಾರ ಬಿಡಬೇಡಿ ಎಂಬ ಮಾತು ಪಕ್ಷದೊಳಗೆ ಇದ್ದರೂ ಆರು ದಿನಗಳಲ್ಲಿ ಸರ್ಕಾರ ರಾಜೀನಾಮೆ ಕೊಟ್ಟಿತು. ಅದೇ ಜನವರಿಯಲ್ಲಿ ಪೆಟ್ರೊಗ್ರಾಡಿನಲ್ಲಿ ಚುನಾಯಿತ ಸಂವಿಧಾನ ಸಭೆಯನ್ನು ಚದುರಿಸಿದ್ದ ಪಕ್ಷ ಇದು! 23 ಮತಗಳ ಸೋಲಿಗೆ ಇಲ್ಲಿ ಕುರ್ಚಿ ಬಿಟ್ಟದ್ದನ್ನು ನಾವು ಆತನ ಲೆಕ್ಕಕ್ಕೆ ಜಮಾ ಮಾಡಲೇಬೇಕು.

ಹೊಸ ಸರ್ಕಾರ ಅವರನ್ನು ಸೆರೆಗೆ ಹಾಕಿತು. ಸೆಪ್ಟೆಂಬರಿನಲ್ಲಿ ತುರ್ಕಿ ಪಡೆ ಊರಿಗೆ ನುಗ್ಗಿತು. ಈ ಸಲ ಕೊಲೆಯಾದವರು ಆರ್ಮೀನಿಯನ್ನರು, ಮತ್ತೆ ಸಾವಿರಗಟ್ಟಲೆ. ಆ ಗಡಿಬಿಡಿಯಲ್ಲಿ ಸೆರೆಯಿಂದ ಹೊರಬಿದ್ದ ಶೌಮ್ಯಾನನೂ ಸಂಗಡಿಗರೂ 'ತುರ್ಕ್‌ಮೆನ್' ಎಂಬ ಹಡಗು ಹತ್ತಿದರು. ಹೋಗಬೇಕಾದದ್ದು ಅಸ್ತ್ರಾಖಾನಿಗೆ, ಹಡಗು ಮುಟ್ಟಿದ್ದು ಬೊಲ್ಶೆವಿಕ್ ವಿರೋಧಿಗಳ ಕೈಲಿದ್ದ ಕ್ರಾಸ್ನೊವೊದ್ಸ್ಕ್ ರೇವಿಗೆ. ಸಂಗಡ ಇದ್ದೂ ಬದುಕುಳಿದ ಮಿಕೋಯನ್ ಮುಂದೆ ಹೇಳಿದ ಪ್ರಕಾರ, ಸೆರೆಯಲ್ಲಿ ರೊಟ್ಟಿ ಹಂಚಲು ಬರೆದಿಟ್ಟಿದ್ದ ಹೆಸರಿನ ಚೀಟಿ ಒಬ್ಬನ ಜೇಬಿನಲ್ಲಿ ಸಿಕ್ಕಿತು; ಅದೇ ಕೊಲ್ಲಬೇಕಾದವರ ಪಟ್ಟಿಗೆ ಆಧಾರವಾಯಿತು. ಸೆಪ್ಟೆಂಬರ್ 20ರಂದು 26 ಮಂದಿಯನ್ನು ರೈಲುದಾರಿಯ ಪಕ್ಕದ ಮರಳಿನಲ್ಲಿ ಕೊಂದರು. ಅವರಲ್ಲಿ ಆರ್ಮೀನಿಯನ್, ಅಜರ್‌ಬೈಜಾನಿ, ಜಾರ್ಜಿಯನ್, ರಷ್ಯನ್, ಯಹೂದಿ ಎಲ್ಲರೂ ಇದ್ದರು. ಕೊಲ್ಲಿಸಿದ್ದು ಅಶ್ಖಾಬಾದಿನ ಸರ್ಕಾರ, ಅದರ ಬೆನ್ನಿಗಿದ್ದದ್ದು ಬ್ರಿಟಿಷರು. ಕೊಲೆಯಲ್ಲಿ ಬ್ರಿಟಿಷರ ಕೈ ಎಷ್ಟಿತ್ತೆಂಬ ವಾದ ಬಹುಕಾಲ ನಡೆಯಿತು. ಆ ಸೀಮೆಯಲ್ಲಿ ಬ್ರಿಟಿಷರ ಕೋವಿ ಹೊತ್ತು ನಿಂತಿದ್ದವರಲ್ಲಿ ನಮ್ಮ ಪಂಜಾಬಿ ಸಿಪಾಯಿಗಳಿದ್ದರು.

1923ರಲ್ಲಿ ಕರಾಬಾಖಿನ ಒಂದು ಊರಿಗೆ ಆತನ ಹೆಸರಿನಿಂದ ಸ್ತೆಪಾನಕೆರ್ತ್ ಎಂದು ಕರೆದರು. ಬಾಕುವಿನಲ್ಲಿದ್ದ 26 ಮಂದಿಯ ಸ್ಮಾರಕವನ್ನು 2009ರಲ್ಲಿ ಕೆಡವಿದರು. 2023ರ ಸೆಪ್ಟೆಂಬರಿನಲ್ಲಿ ಕರಾಬಾಖಿನ ಒಂದು ಲಕ್ಷಕ್ಕೂ ಹೆಚ್ಚು ಆರ್ಮೀನಿಯನ್ನರು ಮನೆಮಠ ಬಿಟ್ಟು ಹೊರಟರು, ಸ್ತೆಪಾನಕೆರ್ತ್ ಬರಿದಾಯಿತು.

ಪ್ರಶ್ನೆಗಳಿದ್ದವರು ಕೇಳಬಹುದು. ಮಾರ್ಚ್ ತಿಂಗಳ ವಿಷಯವನ್ನೇ ಮೊದಲು ಎತ್ತಿಕೊಳ್ಳೋಣ.