ಬೇಲಿಯಿಲ್ಲದ ಹೊಲಗಳು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಲ್ಯಾಕ್ಸ್‌ಟನ್ ಎಂಬ ಪುಟ್ಟ ಹಳ್ಳಿಯಿದೆ. ಭಾರವಾದ ಜೇಡಿಮಣ್ಣಿನ ನೆಲ. ರೈತರ ಮನೆಗಳೆಲ್ಲ ಊರಬೀದಿಗೆ ಅಂಟಿಕೊಂಡಿವೆ, ಹೊಲಗಳು ಊರಾಚೆ. ಅಲ್ಲಿನ ಮೂರು ದೊಡ್ಡ ಹೊಲಗಳ ಒಳಗೆ ಬೇಲಿಯೇ ಇಲ್ಲ! ಒಬ್ಬೊಬ್ಬ ರೈತನ ಪಾಲೂ ಪಟ್ಟಿಪಟ್ಟಿಯಾಗಿ ಮೂರರಲ್ಲೂ ಹರಡಿದೆ. ಒಂದರಲ್ಲಿ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದಕ್ಕೆ ವಿಶ್ರಾಂತಿ. ಮರುವರ್ಷ ಸರದಿ ಬದಲು.

ಒಂದು ಕಾಲಕ್ಕೆ ಇಂಗ್ಲೆಂಡಿನ ಬಹುಭಾಗದಲ್ಲಿ ಹೀಗೇ ಇತ್ತು. 18 ಮತ್ತು 19ನೇ ಶತಮಾನಗಳಲ್ಲಿ ಪಾರ್ಲಿಮೆಂಟು ಕಾಯಿದೆ ಮೇಲೆ ಕಾಯಿದೆ ಮಾಡಿ ಬಯಲುಗಳಿಗೆ ಬೇಲಿ ಹಾಕಿಸಿತು. ದನ ಮೇಯಿಸಲು ಗೋಮಾಳವನ್ನೇ ನಂಬಿದ್ದ ಬಡವರು ದಿಕ್ಕೆಟ್ಟರು. ಅದನ್ನು ಓದುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಲ್ಯಾಕ್ಸ್‌ಟನ್ ಮಾತ್ರ ಹೇಗೋ ಉಳಿಯಿತು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಬರೆದ ಈ ಊರಿನ ನಕ್ಷೆ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿದೆ. ಉಳುವವರ, ಕುರಿ ಕಾಯುವವರ ಚಿತ್ರಗಳು ಕೂಡ ಆ ನಕ್ಷೆಯಲ್ಲಿವೆ.

ಪಟ್ಟಿಗಳು ಈಗ ಕಡಿಮೆಯಾಗಿವೆ, ಅಗಲವೂ ಆಗಿವೆ. ಆದರೆ ಊರಿನ ನ್ಯಾಯಪಂಚಾಯಿತಿ ನಿಂತಿಲ್ಲ. ಪ್ರತಿವರ್ಷ ನವೆಂಬರ್ ಕೊನೆಗೆ ರೈತರೇ ಪಂಚರಾಗಿ ಗೋಧಿ ಬಿತ್ತಿದ ಹೊಲವನ್ನು ಸುತ್ತುತ್ತಾರೆ. ಪಟ್ಟಿಗಳ ಗಡಿಗೆ ಗೂಟ ನೆಡುತ್ತಾರೆ. ಎಲ್ಲರಿಗೂ ಸೇರಿದ ದಾರಿಯನ್ನೋ ಹುಲ್ಲುಪಟ್ಟಿಯನ್ನೋ ಯಾರಾದರೂ ಉತ್ತು ಒತ್ತಿಕೊಂಡಿದ್ದರೆ ಗುರುತು ಹಾಕಿಕೊಳ್ಳುತ್ತಾರೆ. ಮುಂದಿನ ವಾರ ಊರೊಳಗೆ ಕೋರ್ಟು ಕೂರುತ್ತದೆ, ತಪ್ಪಿದವರು ದಂಡ ಕಟ್ಟುತ್ತಾರೆ. ಹೊಲದಲ್ಲಿ ಅಷ್ಟು ಹೊತ್ತಿಗೆ ಗೋಧಿಯ ಮೊಳಕೆ ಹಸಿರಾಗಿರುತ್ತದೆ.