ಹಳೆಯ ಹಾಡಿಗೆ ಹೊಸ ಮಿಶ್ರಣ

ಪುಸ್ತಕವೊಂದರ ಎರಡನೆಯ ಮುದ್ರಣ ಹೊರಬಂದರೆ ಮೊದಲ ಮುದ್ರಣವನ್ನು ಕೊಂಡವರು ಸಾಮಾನ್ಯವಾಗಿ ಜಗಳಕ್ಕೆ ಬರುವುದಿಲ್ಲ. ಅಚ್ಚಿನ ತಪ್ಪುಗಳನ್ನು ತಿದ್ದಿದ್ದರೆ ಸಂತೋಷಪಡುತ್ತಾರೆ. ಕಾಗದ ಚೆನ್ನಾಗಿದ್ದರೆ ಮೆಚ್ಚುತ್ತಾರೆ. ಬೆಲೆ ಏರಿದ್ದರೆ ಒಂದಿಷ್ಟು ಗೊಣಗುತ್ತಾರೆ. ಧ್ವನಿಮುದ್ರಿಕೆಯ ಸಂಗತಿ ಹಾಗಲ್ಲ. ಮೂವತ್ತು ನಲವತ್ತು ವರ್ಷ ಜನರು ಕೇಳಿ ಕೇಳಿ ಒಗ್ಗಿಸಿಕೊಂಡ ಹಾಡುಗಳನ್ನು ಯಾರಾದರೂ ಹೊಸದಾಗಿ ಹದಮಾಡಿ ಹೊರತಂದರೆ, ಒಂದು ಗುಂಪು 'ಈಗ ನಮ್ಮ ಕಿವಿ ತೆರೆಯಿತು' ಎನ್ನುತ್ತದೆ. ಇನ್ನೊಂದು ಗುಂಪು 'ನಮ್ಮ ಹಾಡನ್ನು ಕೆಡಿಸಿದರು' ಎನ್ನುತ್ತದೆ. ಎರಡು ಗುಂಪಿನವರೂ ಸಂಗೀತವನ್ನು ನಿಜವಾಗಿ ಪ್ರೀತಿಸುವವರೇ. ಹಾಗಾದರೆ ಈ ತಕರಾರು ಏಕೆ? ಇಂಗ್ಲೆಂಡಿನ ಪ್ರಸಿದ್ಧವಾದ ಒಂದು ರಾಕ್ ಗೀತಗುಚ್ಛವನ್ನು ಮುಂದಿಟ್ಟುಕೊಂಡು ಇದನ್ನು ನಿಮ್ಮೊಡನೆ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಮೊದಲು 'ಮಿಶ್ರಣ' ಎಂಬ ಮಾತನ್ನು ತಿಳಿದುಕೊಳ್ಳೋಣ. ರಾಕ್ ವಾದ್ಯಗೋಷ್ಠಿಯಲ್ಲಿ ವಿದ್ಯುತ್ ಗಿಟಾರು, ಮಂದ್ರದ ಬೇಸ್ ಗಿಟಾರು, ಡ್ರಮ್ಮುಗಳು, ಹಾಡುವವರ ಕಂಠ ಇವು ಮುಖ್ಯ. ಸ್ಟುಡಿಯೋದಲ್ಲಿ ಇವನ್ನೆಲ್ಲ ಒಂದೇ ಸಲಕ್ಕೆ ಹಿಡಿಯಬೇಕೆಂದಿಲ್ಲ. ಅಗಲವಾದ ಧ್ವನಿಸುರುಳಿಯ ಮೇಲೆ ಪಕ್ಕಪಕ್ಕದಲ್ಲಿ ಹಲವು ಜಾಡುಗಳಿರುತ್ತವೆ. ಇವತ್ತು ಡ್ರಮ್ಮು ಒಂದು ಜಾಡಿನಲ್ಲಿ, ನಾಳೆ ಕಂಠ ಮತ್ತೊಂದು ಜಾಡಿನಲ್ಲಿ ಎಂದು ಬೇರೆ ಬೇರೆಯಾಗಿ ಮುದ್ರಿಸಬಹುದು. ಕೊನೆಗೆ ಇವೆಲ್ಲವನ್ನೂ ಕೂಡಿಸಿ, ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ನಿಶ್ಚಯಿಸುವ ಕೆಲಸವೇ ಮಿಶ್ರಣ. ಹುಳಿಗೆ ಬೇಳೆ, ತರಕಾರಿ, ಪುಡಿ, ಉಪ್ಪು ಎಲ್ಲವೂ ಸಿದ್ಧವಾಗಿದ್ದರೂ ಎಷ್ಟೆಷ್ಟು ಹಾಕಬೇಕೆಂಬುದು ಅಡುಗೆಯವರ ಕೈಯಲ್ಲಿದೆಯಷ್ಟೆ? ಸಾಮಾನು ಒಂದೇ ಆದರೂ ಮನೆಗೊಂದು ರುಚಿ.

ಇಲ್ಲಿ ಒಂದು ಭೇದವನ್ನು ನೆನಪಿಡಬೇಕು. ಹಳೆಯ ಮುದ್ರಿಕೆಯ ಧೂಳು ಒರೆಸಿ, ಕೊರಕಲು ಸದ್ದನ್ನು ಕಡಿಮೆಮಾಡಿ ಹೊರತರುವುದು ಬೇರೆ. ಅದು ಕಟ್ಟಿದ ಮನೆಗೆ ಸುಣ್ಣ ಬಳಿದಂತೆ. ಮರುಮಿಶ್ರಣವೆಂದರೆ ಮೂಲ ಜಾಡುಗಳಿಗೇ ಹಿಂದಿರುಗಿ ಮತ್ತೆ ಕೂಡಿಸುವುದು; ಅದು ಗೋಡೆ ತೆಗೆದು ಕೋಣೆಗಳನ್ನು ಬದಲಾಯಿಸಿದಂತೆ. ಮನೆಯವರು ಮಾತಾಡದೆ ಸುಮ್ಮನಿರುತ್ತಾರೆಯೆ?

ಈಗ ನಮ್ಮ ಉದಾಹರಣೆಗೆ ಬರೋಣ. ಬೀಟಲ್ಸ್ ಎಂಬ ನಾಲ್ವರ ತಂಡ, ಎಂದರೆ ಜಾನ್ ಲೆನನ್, ಪಾಲ್ ಮ್ಯಾಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್, ೧೯೬೬ರ ನವೆಂಬರಿನಿಂದ ೧೯೬೭ರ ಏಪ್ರಿಲ್‌ವರೆಗೆ ಲಂಡನ್ನಿನ ಆಬಿ ರೋಡಿನ ಸ್ಟುಡಿಯೋದಲ್ಲಿ ದುಡಿದು 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ಉದ್ದ ಹೆಸರಿನ ಗೀತಗುಚ್ಛವನ್ನು ಸಿದ್ಧಪಡಿಸಿತು. ನಿರ್ಮಾಪಕರು ಜಾರ್ಜ್ ಮಾರ್ಟಿನ್. ಅಷ್ಟು ದಿನ, ಅಷ್ಟು ವಾದ್ಯ, ಅಷ್ಟು ಪ್ರಯೋಗ; ಆದರೆ ಅವರ ಕೈಯಲ್ಲಿದ್ದುದು ನಾಲ್ಕೇ ಜಾಡಿನ ಯಂತ್ರ! ನಾಲ್ಕು ಜಾಡುಗಳೂ ತುಂಬಿದ ಮೇಲೆ ಅವನ್ನು ಒಂದಕ್ಕೋ ಎರಡಕ್ಕೋ ಇಳಿಸಿ ಬೇರೊಂದು ಸುರುಳಿಗೆ ನಕಲುಮಾಡುತ್ತಿದ್ದರು. ಅಲ್ಲಿ ಮಿಕ್ಕ ಜಾಡುಗಳಲ್ಲಿ ಹೊಸ ವಾದ್ಯ ಸೇರಿಸುತ್ತಿದ್ದರು. 'ಎ ಡೇ ಇನ್ ದಿ ಲೈಫ್' ಎಂಬ ಹಾಡಿಗಾಗಿ ೧೯೬೭ರ ಫೆಬ್ರವರಿ ೧೦ರಂದು ನಲವತ್ತು ಮಂದಿಯ ವಾದ್ಯವೃಂದವನ್ನೇ ಕರೆಸಿದರು. ಆದರೆ ಸುರುಳಿಯಿಂದ ಸುರುಳಿಗೆ ನಕಲಾದಂತೆಲ್ಲ ಮೊದಲು ಹಿಡಿದ ಧ್ವನಿ ಸ್ವಲ್ಪ ಸ್ವಲ್ಪವೇ ಮಂಕಾಗುತ್ತದೆ, ಸುಯ್ಯೆಂಬ ಸದ್ದು ಏರುತ್ತದೆ.

ಈ ಗುಚ್ಛದಲ್ಲಿ ನಮ್ಮ ಕಡೆಯ ಎಳೆಯೂ ಒಂದಿದೆ. 'ವಿದಿನ್ ಯು ವಿದೌಟ್ ಯು' ಎಂಬ ಹ್ಯಾರಿಸನ್ನರ ಹಾಡಿನಲ್ಲಿ ದಿಲ್‌ರುಬಾ, ತಬಲಾ, ತಂಬೂರಿಗಳಿವೆ. ಅವನ್ನು ನುಡಿಸಿದ ಭಾರತೀಯ ಕಲಾವಿದರು ಬಂದುದು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆಯ ಮೂಲಕ. ಅದನ್ನು ಕಟ್ಟಿದವರು ಕನ್ನಡನಾಡಿನಿಂದ ಹೋಗಿ ಅಲ್ಲಿ ನೆಲಸಿದ್ದ ಅಯನ ಅಂಗಡಿಯವರು ಮತ್ತು ಅವರ ಪತ್ನಿ ಪೆಟ್ರೀಷಿಯಾ. ಹ್ಯಾರಿಸನ್ನರಿಗೆ ಪಂಡಿತ್ ರವಿಶಂಕರರ ಮೊದಲ ಭೇಟಿ ೧೯೬೬ರಲ್ಲಿ ಆದುದೂ ಈ ದಂಪತಿಗಳ ಮನೆಯಲ್ಲೇ. ಸಮುದ್ರದಾಚೆಯ ಹಾಡಿನ ಹಿಂದೆ ಅಂಗಡಿ ಎಂಬ ನಮ್ಮ ಮನೆತನದ ಹೆಸರು ಕೇಳಿದರೆ ಯಾರಿಗೆ ತಾನೆ ಕುತೂಹಲವಾಗದು!

ಮುಂದಿನ ಸಂಗತಿಯಲ್ಲೇ ತಕರಾರಿನ ಬೀಜವಿದೆ. ೧೯೬೭ರಲ್ಲಿ ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಇದ್ದುದು ಒಂದೇ ಧ್ವನಿಪೆಟ್ಟಿಗೆಯ ಗ್ರಾಮಫೋನು. ಹಾಗಾಗಿ ಬೀಟಲ್ಸರು ಕುಳಿತು, ಕೇಳಿ, ಒಪ್ಪಿ ಮುಗಿಸಿದ್ದು 'ಮಾನೋ' ಎಂಬ ಏಕಧ್ವನಿಯ ಮಿಶ್ರಣವನ್ನು. ಎಡಬಲವೆಂದು ಹಂಚಿದ ಸ್ಟೀರಿಯೋ ಮಿಶ್ರಣಕ್ಕೆ ಸಿಕ್ಕಿದ್ದು ಕೆಲವೇ ದಿನ. ಅದು ಹೆಚ್ಚಾಗಿ ಅವರು ಇಲ್ಲದಿದ್ದಾಗ ನಡೆಯಿತು. ಎರಡಕ್ಕೂ ವ್ಯತ್ಯಾಸ ಕಡಿಮೆಯೇನಲ್ಲ. 'ಷೀ ಈಸ್ ಲೀವಿಂಗ್ ಹೋಮ್' ಎಂಬ ಹಾಡು ಮಾನೋದಲ್ಲಿ ಚುರುಕಾಗಿ, ಎತ್ತರದ ಶ್ರುತಿಯಲ್ಲಿದೆ. ಸ್ಟೀರಿಯೋದಲ್ಲಿ ನಿಧಾನವಾಗಿ, ಇಳಿದ ಶ್ರುತಿಯಲ್ಲಿದೆ. ಸ್ಟೀರಿಯೋದ ಕೆಲವು ಹಾಡುಗಳಲ್ಲಿ ಡ್ರಮ್ಮು ಒಂದೇ ಪಕ್ಕಕ್ಕೆ ಸರಿದು ಕುಳಿತಿದೆ.

ಕಾಲ ಬದಲಾಯಿತು. ಎಲ್ಲರ ಮನೆಗೂ ಸ್ಟೀರಿಯೋ ಬಂತು, ಮಾನೋ ತಟ್ಟೆ ಮೂಲೆಗೆ ಹೋಯಿತು. ಅನಂತರದ ತಲೆಮಾರುಗಳು ಈ ಗುಚ್ಛವನ್ನು ಕಲಿತದ್ದು ಅವಸರದ ಆ ಸ್ಟೀರಿಯೋದಿಂದಲೇ. ಹಾಡಿದವರು ಹೆಚ್ಚು ಗಮನ ಕೊಡದ ರೂಪವೇ ಲಕ್ಷಾಂತರ ಜನರ ಪಾಲಿಗೆ ಮೂಲರೂಪವಾಯಿತು!

೨೦೧೬ರಲ್ಲಿ ಜಾರ್ಜ್ ಮಾರ್ಟಿನ್ ತೀರಿಕೊಂಡರು. ಮರುವರ್ಷ, ೨೦೧೭ರ ಮೇ ೨೬ರಂದು, ಗುಚ್ಛದ ಐವತ್ತನೆಯ ವರ್ಷದ ನೆಪದಲ್ಲಿ ಅವರ ಮಗ ಜೈಲ್ಸ್ ಮಾರ್ಟಿನ್, ಸ್ಯಾಮ್ ಒಕೆಲ್ ಎಂಬ ಧ್ವನಿತಂತ್ರಜ್ಞರೊಡನೆ ಸೇರಿ ಹೊಸ ಸ್ಟೀರಿಯೋ ಮಿಶ್ರಣವನ್ನು ಹೊರತಂದರು. ತಂದೆ ಕಟ್ಟಿದ್ದನ್ನು ಮಗ ಬಿಚ್ಚಿ ಕಟ್ಟಿದರು. ನಕಲಾಗುವುದಕ್ಕೆ ಮೊದಲಿನ ಮೂಲ ಸುರುಳಿಗಳನ್ನೆಲ್ಲ ಹೊರತೆಗೆದು ಗಣಕಯಂತ್ರದಲ್ಲಿ ಒಂದಕ್ಕೊಂದು ತಾಳೆಹಾಕಿದರು. ಹೀಗಾಗಿ ಮಂಕಾಗಿದ್ದ ಡ್ರಮ್ಮು, ಬೇಸ್‌ಗಳು ಮೊದಲು ಹಿಡಿದಷ್ಟೇ ನಿಚ್ಚಳವಾಗಿ ಸಿಕ್ಕವು. ತಂಡದವರು ಒಪ್ಪಿದ್ದ ಮಾನೋವನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಂಡರು. ಕಂಠವನ್ನೂ ಡ್ರಮ್ಮನ್ನೂ ಹೆಚ್ಚಾಗಿ ನಡುವಿಗೆ ತಂದರು. ಮನೆ ಬಿಟ್ಟುಹೋಗುವ ಹುಡುಗಿಯ ಆ ಹಾಡಿಗೂ ಮಾನೋದ ಚುರುಕು ನಡೆಯನ್ನೇ ಕೊಟ್ಟರು.

ಕೇಳುಗರು ಏನೆಂದರು? ಗುಚ್ಛ ಐವತ್ತು ವರ್ಷದ ಮೇಲೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ರಿಂಗೋ ಸ್ಟಾರರ ಕೈಚಳಕ ಈಗ ಗೊತ್ತಾಯಿತೆಂದು ಹಲವರು ಹಿಗ್ಗಿದರು. ಮಾನೋ ಪಕ್ಷದ ಹಿರಿಯರು ಮಾತ್ರ, 'ಸರಿಯಾದುದು ೧೯೬೭ರಲ್ಲೇ ಇತ್ತು. ಅದನ್ನೇ ಕೊಟ್ಟಿದ್ದರೆ ಸಾಕಿತ್ತು' ಎಂದರು. ಹೊಸ ಮಿಶ್ರಣ ಇಂದಿನ ವಾಡಿಕೆಗೆ ತಕ್ಕಂತೆ ಗಟ್ಟಿಯಾಗಿದೆ, ಸದ್ದು ಸದಾ ಒತ್ತಿಕೊಂಡು ಬರುತ್ತದೆ, ಹಳೆಯದರ ಬಿಡುವು ಇಲ್ಲ ಎಂದು ಕೆಲವರು ದೂರಿದರು. ಹಳೆಯ ಸ್ಟೀರಿಯೋದ ಆ ವಿಚಿತ್ರ ಹಂಚಿಕೆಯೇ ನಮಗೆ ಬೇಕು, ಎಡಗಿವಿಯಲ್ಲಿ ಒಂದು, ಬಲಗಿವಿಯಲ್ಲಿ ಒಂದು ಕೇಳಿಯೇ ನಾವು ಬೆಳೆದವರು ಎಂದವರೂ ಉಂಟು. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ತಾಯಿಯ ಕೈಯ ಸಾರಿಗೆ ಉಪ್ಪು ತುಸು ಮುಂದಾಗಿದ್ದರೂ ನಮ್ಮ ನಾಲಗೆಗೆ ಸಾರೆಂದರೆ ಅದೇ.

ಹಾಡಿದಾತನೇ ಬಂದು 'ನನ್ನ ಮನಸ್ಸಿನಲ್ಲಿದ್ದುದು ಇದು' ಎಂದರೆ ತಕರಾರು ಮುಗಿಯುತ್ತದೆಂದು ನಿಮಗೆ ತೋರಬಹುದು. ಮುಗಿಯುವುದಿಲ್ಲ. ಅಮೆರಿಕದ ಸ್ಟೂಜಸ್ ತಂಡದ 'ರಾ ಪವರ್' ೧೯೭೩ರಲ್ಲಿ ಹೊರಬಂದಾಗ ಅದರ ಮಿಶ್ರಣವನ್ನು ಬಹುಮಟ್ಟಿಗೆ ಮಾಡಿದವರು ಡೇವಿಡ್ ಬೋವಿ. ಸದ್ದು ತೆಳ್ಳಗಿದೆ, ಬೇಸ್ ಕೇಳುವುದೇ ಇಲ್ಲ ಎಂದು ರಸಿಕರು ವರ್ಷಗಟ್ಟಲೆ ಆಕ್ಷೇಪಿಸುತ್ತಲೇ ಇದ್ದರು. ೧೯೯೭ರಲ್ಲಿ ತಂಡದ ಗಾಯಕ ಇಗ್ಗಿ ಪಾಪ್ ತಾನೇ ಕುಳಿತು ಮರುಮಿಶ್ರಣ ಮಾಡಿದರು. ಸದ್ದು ಒಡೆದುಹೋಗುವಷ್ಟು ಗಟ್ಟಿಮಾಡಿದರು. ಆಗ ಏನಾಯಿತೆನ್ನುತ್ತೀರಿ? ಹಳೆಯದನ್ನು ಬೈಯುತ್ತಿದ್ದವರಲ್ಲೇ ಎಷ್ಟೋ ಜನ ಬೋವಿಯ ತೆಳು ಮಿಶ್ರಣಕ್ಕಾಗಿ ಹಂಬಲಿಸತೊಡಗಿದರು. ೨೦೧೦ರಲ್ಲಿ ಅದನ್ನು ಮತ್ತೆ ಹೊರತರಬೇಕಾಯಿತು.

ಹಾಗೆಂದು ಹೊಸ ಮಿಶ್ರಣವೆಲ್ಲ ಜಗಳವನ್ನೇ ತರುತ್ತದೆ ಎನ್ನಲಾಗದು. ಕೆನಡಾದ ರಷ್ ತಂಡದ 'ವೇಪರ್ ಟ್ರೇಲ್ಸ್' ೨೦೦೨ರಲ್ಲಿ ಬಂದಾಗ ಅದರ ಗದ್ದಲದ ಒತ್ತಡ ಕೇಳುಗರಿಗೂ ಹಿಡಿಸಲಿಲ್ಲ, ತಂಡದವರಿಗೂ ಹಿಡಿಸಲಿಲ್ಲ. ೨೦೧೩ರಲ್ಲಿ ಡೇವಿಡ್ ಬಾಟ್ರಿಲ್ ಮಾಡಿದ ಮರುಮಿಶ್ರಣ ಬಂದಾಗ ಬಹಳ ಮಂದಿ ಸಮಾಧಾನದ ಉಸಿರುಬಿಟ್ಟರು. ಇದು ಮರುಮಿಶ್ರಣವೆಂದು ಮುಖಪುಟದಲ್ಲೇ ಹೇಳಿಬಿಟ್ಟಿದ್ದರು.

ಹಾಗಾದರೆ ನ್ಯಾಯ ಯಾರ ಕಡೆ? ನನಗೆ ತೋರುವುದು ಇಷ್ಟು: ಹೊಸ ಮಿಶ್ರಣ ಚೆನ್ನಾಗಿದೆಯೇ ಇಲ್ಲವೇ ಎಂಬುದು ಅಭಿರುಚಿಯ ಪ್ರಶ್ನೆ, ಅದರಲ್ಲಿ ಯಾರೂ ಯಾರನ್ನೂ ಗೆಲ್ಲಬೇಕಾಗಿಲ್ಲ. ಹಳೆಯದು ಕೈಗೆ ಸಿಗುತ್ತದೆಯೇ ಎಂಬುದೇ ನ್ಯಾಯದ ಪ್ರಶ್ನೆ. ೧೯೬೫ರ 'ಹೆಲ್ಪ್' ಮತ್ತು 'ರಬ್ಬರ್ ಸೋಲ್' ಎಂಬ ಬೀಟಲ್ಸರ ಎರಡು ಗುಚ್ಛಗಳನ್ನು ೧೯೮೭ರಲ್ಲಿ ಸಿ.ಡಿ. ತಟ್ಟೆಗೆ ಏರಿಸುವಾಗ ಜಾರ್ಜ್ ಮಾರ್ಟಿನ್ನರೇ ಹೊಸ ಸ್ಟೀರಿಯೋ ಮಿಶ್ರಣ ಮಾಡಿದರು. ೧೯೬೫ರ ಸ್ಟೀರಿಯೋ ಮಿಶ್ರಣ ಸಿ.ಡಿ.ಯಲ್ಲಿ ಸಿಕ್ಕಿದ್ದು ೨೦೦೯ರ ಮಾನೋ ಸಂಪುಟದ ಜೊತೆಯಲ್ಲಿ. ನಡುವೆ ಇಪ್ಪತ್ತೆರಡು ವರ್ಷ! ಆ ಅವಧಿಯಲ್ಲಿ ಕೇಳಲು ಕಲಿತ ಎಷ್ಟೋ ಹುಡುಗರು ತಮ್ಮ ಕೈಯಲ್ಲಿರುವುದು ೧೯೬೫ರದೇ ಎಂದು ನಂಬಿದ್ದರೆ ತಪ್ಪು ಅವರದಲ್ಲ. ಮಾಡಿದವರು ಮೂಲ ನಿರ್ಮಾಪಕರೇ ಆಗಿರಬಹುದು, ಕೆಲಸ ಅಚ್ಚುಕಟ್ಟಾಗಿಯೇ ಇರಬಹುದು. ಆದರೂ ಹಳೆಯದು ಮರೆಯಾದರೆ ಕೇಳುಗನಿಗೆ ಹೋಲಿಸುವ ದಾರಿಯೇ ಮುಚ್ಚುತ್ತದೆ. ೨೦೧೭ರ ಪ್ರಕಟಣೆಯ ದೊಡ್ಡ ಸಂಪುಟದಲ್ಲಿ ಹೊಸ ಮಿಶ್ರಣದ ಜೊತೆಗೆ ೧೯೬೭ರ ಮಾನೋವನ್ನೂ ಇಟ್ಟಿದ್ದರು. ಅದು ಮರ್ಯಾದೆಯ ಕ್ರಮ.

ಇಂಥ ಎರಡು ರೂಪಗಳು ನಿಮಗೆ ದೊರೆತರೆ ಹೇಗೆ ಕೇಳಬೇಕು? ಮೊದಲನೆಯದಾಗಿ, ಎರಡರ ಗಟ್ಟಿತನವನ್ನು ಸಮಮಾಡಿಕೊಳ್ಳಿ. ತುಸು ಗಟ್ಟಿಯಾದುದೇ ಒಳ್ಳೆಯದೆಂದು ನಮ್ಮ ಕಿವಿ ತೀರ್ಪುಕೊಡುತ್ತದೆ. ಹೊಸ ಮುದ್ರಿಕೆಗಳು ಹೆಚ್ಚಾಗಿ ಗೆಲ್ಲುವುದು ಈ ಉಪಾಯದಿಂದ. ಎರಡನೆಯದಾಗಿ, ಇಡೀ ಗುಚ್ಛದ ಬದಲು ಒಂದೇ ಹಾಡನ್ನು ಆರಿಸಿಕೊಂಡು, ಒಮ್ಮೆ ಕಂಠವನ್ನು, ಒಮ್ಮೆ ಡ್ರಮ್ಮನ್ನು ಮಾತ್ರ ಹಿಂಬಾಲಿಸಿ. 'ವಿದಿನ್ ಯು' ಹಾಡಾದರೆ ಕಂಠವನ್ನು ನೆರಳಿನಂತೆ ಅನುಸರಿಸುವ ದಿಲ್‌ರುಬಾವನ್ನು ಹಿಡಿಯಿರಿ. ನಮ್ಮ ಸಂಗೀತದಲ್ಲಿ ಹಾಡುವವರ ಹಿಂದೆ ಪಿಟೀಲು ಬರುವ ಬಗೆ ಗೊತ್ತಿದ್ದವರಿಗೆ ಇದು ಸುಲಭ. ಮೂರನೆಯದಾಗಿ, ನಿಮ್ಮ ಮನೆಯದು ಒಂದೇ ಧ್ವನಿಪೆಟ್ಟಿಗೆಯ ರೇಡಿಯೋ ಆಗಿದ್ದರೆ ಬೇಸರ ಬೇಡ. ೧೯೬೭ರಲ್ಲಿ ಹೆಚ್ಚಿನವರು ಕೇಳಿದ್ದು ಅಂಥದರಲ್ಲೇ, ಆ ನಾಲ್ವರು ಮನಸ್ಸಿನಲ್ಲಿಟ್ಟುಕೊಂಡಿದ್ದುದೂ ಅಂಥದನ್ನೇ.

ಮನೆಯಲ್ಲಿ ಹಿರಿಯರು ಹಳೆಯ ತಟ್ಟೆಯ ಪಕ್ಷ, ಮಕ್ಕಳು ಹೊಸ ಮಿಶ್ರಣದ ಪಕ್ಷ ಹಿಡಿದು ವಾದಕ್ಕೆ ನಿಂತರೆ ತಡೆಯಬೇಡಿ; ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ಎಲ್ಲರೂ ಕೂತು ಕೇಳಿ. ವಾದ ಇತ್ಯರ್ಥವಾಗದೇ ಹೋಗಬಹುದು. ಆದರೆ ಅಷ್ಟು ಹೊತ್ತಿಗೆ ಆ ಹಾಡನ್ನು ಎಲ್ಲರೂ ಹಿಂದೆಂದಿಗಿಂತ ಸೂಕ್ಷ್ಮವಾಗಿ ಕೇಳಿರುತ್ತೀರಿ. ನಿಮ್ಮ ಹಳೆಯ ತಟ್ಟೆಗಳನ್ನು ಮಾತ್ರ ಗುಜರಿಗೆ ಹಾಕಬೇಡಿ.